ಪೀಠ ತೊರೆದರೂ ನಿಲುವು ತೊರೆಯದ ನ್ಯಾಯಮೂರ್ತಿ

ನ್ಯಾಯಾಧೀಶನ ಯೋಗ್ಯತೆಯನ್ನು ಅವನು ಏರಿದ ಪೀಠದ ಎತ್ತರದಿಂದ ಅಳೆಯುವುದು ರೂಢಿ. ಆ ಪೀಠವನ್ನು ಅವನು ಯಾವ ಕಾರಣಕ್ಕಾಗಿ ತೊರೆದನೆಂಬುದು ಅದಕ್ಕಿಂತ ಸೂಕ್ಷ್ಮವಾದ ಅಳತೆಗೋಲು. ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರ ವೃತ್ತಿಜೀವನ ಇದಕ್ಕೆ ನಿದರ್ಶನವಾಗಿದೆ.

1956ರ ನವೆಂಬರ್ 1ರವರೆಗೆ ಯಾದಗಿರಿ, ಶಹಾಪುರ, ಸುರಪುರಗಳ ಕಕ್ಷಿದಾರರು ಮೇಲ್ಮನವಿಗಾಗಿ ಹೈದರಾಬಾದಿನ ಉಚ್ಚ ನ್ಯಾಯಾಲಯದತ್ತ ನೋಡಬೇಕಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಆ ದಾರಿ ಬೆಂಗಳೂರಿಗೆ ತಿರುಗಿತು. ಹೀಗೆ ವಿಸ್ತಾರಗೊಂಡ ಮೈಸೂರು ಉಚ್ಚ ನ್ಯಾಯಾಲಯಕ್ಕೆ 1957ರ ಆಗಸ್ಟ್ ತಿಂಗಳಲ್ಲಿ ನ್ಯಾಯಾಧೀಶರಾಗಿ ಬಂದವರು ಹೆಗ್ಡೆಯವರು. ಕರಾವಳಿಯ ಕಾರ್ಕಳ ತಾಲ್ಲೂಕಿನಲ್ಲಿ 1909ರಲ್ಲಿ ಜನಿಸಿದ ಇವರು ಮದರಾಸಿನಲ್ಲಿ ನ್ಯಾಯಶಾಸ್ತ್ರ ಕಲಿತು, ಸರ್ಕಾರಿ ವಕೀಲರಾಗಿ, 1952ರಿಂದ 1957ರವರೆಗೆ ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಯ ಸದಸ್ಯರಾಗಿ ಸೇವೆ ಸಲ್ಲಿಸಿದ್ದರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಾಧೀಶರಾದರು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವನ್ನು ಅಲಂಕರಿಸಿದರು.

ಅವರ ಬಾಳಿನ ಪರೀಕ್ಷೆ ಬಂದದ್ದು ಕನ್ನಡದ ಮಠವೊಂದರ ಮೊಕದ್ದಮೆಯ ಮೂಲಕ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನದ ವಿರುದ್ಧ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಭೂಮಿಯ ಪ್ರಶ್ನೆ ಬೆಳೆದು, ಸಂವಿಧಾನವನ್ನು ಸಂಸತ್ತು ಎಲ್ಲಿಯವರೆಗೆ ತಿದ್ದಬಹುದೆಂಬ ಪ್ರಶ್ನೆಯಾಯಿತು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು ಏಳು ಮತಗಳಿಗೆ ಆರು ಮತಗಳಂತೆ ತೀರ್ಪಿತ್ತಿತು: ತಿದ್ದುಪಡಿಯ ಅಧಿಕಾರವುಂಟು, ಆದರೆ ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲ. ನ್ಯಾಯಮೂರ್ತಿ ಮುಖರ್ಜಿಯವರೊಡನೆ ಬರೆದ ಜಂಟಿ ತೀರ್ಪಿನಲ್ಲಿ ಹೆಗ್ಡೆಯವರು ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಸ್ವಾತಂತ್ರ್ಯಗಳನ್ನು ಮಾತ್ರವಲ್ಲದೆ, ಸಮಾನತೆಯ ಸಮಾಜವನ್ನು ಕಟ್ಟುವ ಹೊಣೆಯನ್ನೂ ಆ ಮೂಲಲಕ್ಷಣಗಳಲ್ಲಿ ಎಣಿಸಿದರು.

ಎರಡೇ ದಿನಗಳಲ್ಲಿ ಇದರ ಬೆಲೆ ತಿಳಿಯಿತು. ಜ್ಯೇಷ್ಠರಾದ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ಕಡೆಗಣಿಸಿ, ಅಲ್ಪಮತದಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ ನೇಮಿಸಲಾಯಿತು. ಮೂವರೂ ರಾಜೀನಾಮೆ ಇತ್ತು ಹೊರನಡೆದರು.

ನ್ಯಾಯಪೀಠದ ಮೇಲೆ ರಾಜಕೀಯದ ಒತ್ತಡವೆಂಬುದು ನಮ್ಮಲ್ಲಿಯೇ ಹುಟ್ಟಿದ್ದಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಆರಂಭಕಾಲದ ನ್ಯಾಯಾಧೀಶ ಸ್ಯಾಮ್ಯುಯೆಲ್ ಚೇಸ್ ಅವರ ಮೇಲೆ, ಅಧ್ಯಕ್ಷ ಜೆಫರ್ಸನ್ನರ ಪಕ್ಷಕ್ಕೆ ಬಹುಮತವಿದ್ದ ಕೆಳಮನೆ 1804ರಲ್ಲಿ ಮಹಾಭಿಯೋಗ ಹೂಡಿತ್ತು. 1805ರಲ್ಲಿ ಮೇಲ್ಮನೆ ಅವರನ್ನು ದೋಷಮುಕ್ತಗೊಳಿಸಿತು. ಅವರು 1811ರಲ್ಲಿ ನಿಧನರಾಗುವವರೆಗೂ ಪೀಠದಲ್ಲಿದ್ದರು. ಅಲ್ಲಿ ಪೀಠದಲ್ಲಿ ಉಳಿದು ಸ್ವಾತಂತ್ರ್ಯ ಗೆದ್ದಿತು. ಇಲ್ಲಿ ಪೀಠವನ್ನು ಬಿಟ್ಟು ಅದರ ಗೌರವವನ್ನು ಉಳಿಸಬೇಕಾಯಿತು.

ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಚುನಾಯಿತರಾಗಿ, ಅದೇ ವರ್ಷ ಅದರ ಅಧ್ಯಕ್ಷರಾದರು. 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. 1990ರಲ್ಲಿ ಕಾಲವಶರಾದರು. ಅವರ ತೀರ್ಪಿನ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಮತ್ತೆ ಎತ್ತಿಹಿಡಿಯಿತು. ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ಜ್ಯೇಷ್ಠತೆಗೆ ಮನ್ನಣೆ ಸಲ್ಲಬೇಕೆಂದು 1993ರಲ್ಲಿ ಸಾರಿತು.

ಉಚ್ಚ ನ್ಯಾಯಾಲಯದ ಪೀಠ 2008ರಿಂದ ನಮ್ಮ ಕಲಬುರಗಿಗೇ ಬಂದಿದೆ. ನ್ಯಾಯಾಲಯದ ಕಟ್ಟಡ ಹತ್ತಿರವಾದಂತೆ ನ್ಯಾಯನಿಷ್ಠೆಯೂ ಹತ್ತಿರವಾಗಬೇಕಾದರೆ, ಸ್ಥಾನಕ್ಕಿಂತ ಸತ್ಯ ದೊಡ್ಡದೆಂಬ ಅರಿವು ತರಗತಿಯಲ್ಲಿಯೇ ಮೊಳೆಯಬೇಕು. ಅದನ್ನು ಬಿತ್ತುವ ಹೊಣೆ ಶಿಕ್ಷಕರಾದ ನಮ್ಮದು.