ಕಾಡುಕೋಣವೂ ನಮ್ಮ ಕೊಟ್ಟಿಗೆಯೂ



ಮಲೆನಾಡಿನ ತೋಟಗಳಲ್ಲಿ ಕಾಡುಕೋಣ ಗಿಡ ಮುರಿದರೆ ನಾವು ಅದನ್ನು ಶಪಿಸುವುದುಂಟು. ಆದರೆ ಹಿಂದೆ ಅದಕ್ಕೆ ಕುತ್ತು ತಂದದ್ದು ಬೇಟೆಯೊಂದೇ ಅಲ್ಲ, ನಮ್ಮ ದನಗಳ ದೊಡ್ಡರೋಗವೂ ಹೌದು. ಕಾಡಿನಲ್ಲಿ ಮೇಯುವ ದನಗಳಿಂದ ಅದು ಹರಡುತ್ತಿತ್ತು. 1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳಲ್ಲಿ ಈ ರೋಗಕ್ಕೆ ಕಾಡುಕೋಣಗಳು ಬಹುವಾಗಿ ಬಲಿಯಾದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ದನಗಳಿಗೆ ಹಾಕಿದ ಚುಚ್ಚುಮದ್ದಿನಿಂದ ದೊಡ್ಡರೋಗವೇ ಅಳಿಯಿತು. 2011ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಹಿಂಡುಗಳು ಮತ್ತೆ ಬೆಳೆದವು.

ಕಾಲುಬಾಯಿ ರೋಗ ಇನ್ನೂ ಉಳಿದಿದೆ. ಅದೂ ಕಾಡುಕೋಣಕ್ಕೆ ತಗಲುತ್ತದೆ. ಆದ್ದರಿಂದ ಆಡೂರಿನ ನಾವೆಲ್ಲರೂ ಆರು ತಿಂಗಳಿಗೊಮ್ಮೆ ದನಗಳಿಗೆ ಲಸಿಕೆ ಹಾಕಿಸೋಣ, ಬೇನೆ ಬಿದ್ದ ದನವನ್ನು ಕಾಡಿಗೆ ಅಟ್ಟದಿರೋಣ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡೋಣ. ಕೋವಿ ಹಿಡಿಯುವುದು ಬೇಡ.