ಕುಟುಂಬ ಸ್ಮೃತಿ ಮತ್ತು ಪರಂಪರಾಗತ ನೋವು: ಯಹೂದ್ಯ ಸಂತತಿಯ ಒಂದು ಅಧ್ಯಯನ

ಆಸ್ತಿ, ಮನೆತನದ ಹೆಸರು, ಕುಲಾಚಾರ ಇವು ಹಿರಿಯರಿಂದ ಕಿರಿಯರಿಗೆ ಇಳಿದು ಬರುವುದು ಎಲ್ಲ ಸಮಾಜಗಳಲ್ಲಿಯೂ ಕಂಡುಬರುವ ಸಂಗತಿ. ಕಣ್ಣಾರೆ ಕಾಣದ, ಯಾರೂ ಬಾಯಿಬಿಟ್ಟು ಹೇಳದ ದುಃಖವೂ ಹಾಗೆಯೇ ಇಳಿದು ಬರಬಲ್ಲುದೇ? ಈ ಪ್ರಶ್ನೆಯನ್ನು ಮನಶ್ಶಾಸ್ತ್ರದ ಮುಂದೆ ಬಲವಾಗಿ ತಂದಿರಿಸಿದವರು ದ್ವಿತೀಯ ಮಹಾಯುದ್ಧದಲ್ಲಿ ಬದುಕುಳಿದ ಯಹೂದ್ಯರ ಮಕ್ಕಳು. 1945ರಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ನಾಜಿಗಳೂ ಅವರ ಸಹಕಾರಿಗಳೂ ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದಿದ್ದರು. ಉಳಿದವರಲ್ಲಿ ಅನೇಕರು ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿಯೇ ಮದುವೆಯಾದರು. ಅನಂತರ ಇಸ್ರೇಲ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಿಗೆ ಚದುರಿಹೋದರು.

ಮಡಿದ ಬಂಧುವಿನ ಹೆಸರನ್ನು ಶಿಶುವಿಗಿಡುವುದು ಪೂರ್ವ ಯುರೋಪಿನ ಯಹೂದ್ಯರ ಹಳೆಯ ರೂಢಿ. ಅಜ್ಜನ ಹೆಸರನ್ನು ಮೊಮ್ಮಗನು ಹೊರುವ ಕನ್ನಡ ನಾಡಿನ ಮನೆಗಳಿಗೆ ಇದು ಅಪರಿಚಿತವಲ್ಲ. ಆದರೆ ಇಲ್ಲಿ ಅಜ್ಜನು ತುಂಬು ಬಾಳು ಬಾಳಿ ಹೋದವನು. ಅಲ್ಲಿಯ ಕೂಸಿಗೆ ದೊರೆತದ್ದು ಎಷ್ಟೋ ವೇಳೆ ತಂದೆಯ ಮೊದಲ ಮದುವೆಯ, ಬಾಲ್ಯದಲ್ಲಿಯೇ ಕೊಲೆಯಾದ ಮಗುವಿನ ಹೆಸರು. ಆ ಮಗು ಬದುಕಿದ್ದರೆ ಈ ಕೂಸು ಹುಟ್ಟುತ್ತಲೇ ಇರಲಿಲ್ಲ! ಇಸ್ರೇಲಿನ ಮನೋಚಿಕಿತ್ಸಕಿ ದೀನಾ ವಾರ್ಡಿ ಇಂಥವರನ್ನು ‘ಸ್ಮಾರಕ ದೀಪಗಳು’ ಎಂದು ಕರೆದಿದ್ದಾರೆ. ಸತ್ತವರ ತಿಥಿಯಂದು ಯಹೂದ್ಯರು ಹಚ್ಚುವ ಮೇಣದ ಬತ್ತಿಯಿಂದ ಬಂದ ಮಾತಿದು.

ಬ್ರೆಡ್ಡಿನ ಒಂದು ಚೂರನ್ನೂ ಎಸೆಯಗೊಡದ ತಾಯಿ, ರಾತ್ರಿ ನಿದ್ದೆಯಲ್ಲಿ ಚೀರುವ ತಂದೆ, ಮಗನು ಶಾಲೆಯಿಂದ ಹತ್ತು ನಿಮಿಷ ತಡವಾಗಿ ಬಂದರೆ ಮನೆಯವರಿಗೆಲ್ಲ ಆವರಿಸುವ ದಿಗಿಲು – ಇವು ಆ ಮಕ್ಕಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕಾರಣವನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಕೇಳುವವರೂ ಇರಲಿಲ್ಲವೆಂಬುದನ್ನು ಮರೆಯಲಾಗದು; 1961ರಲ್ಲಿ ಜೆರೂಸಲೇಮಿನಲ್ಲಿ ಐಖ್‌ಮನ್ನನ ವಿಚಾರಣೆ ನಡೆದು ನೂರಕ್ಕೂ ಮಿಕ್ಕ ಸಾಕ್ಷಿಗಳು ನುಡಿದ ಮೇಲೆಯೇ ಇಸ್ರೇಲಿನ ಸಮಾಜ ಕಿವಿಗೊಟ್ಟು ಕೇಳತೊಡಗಿತು.

1966ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮನೋವೈದ್ಯ ವಿವಿಯನ್ ರಾಕಾಫ್, ನರಕವನ್ನು ಕಂಡವರು ತಂದೆತಾಯಿಗಳಲ್ಲ, ಮಕ್ಕಳೇ ಎಂದು ತೋರುವಷ್ಟು ಅವರು ನೊಂದಿರುವರೆಂದು ಬರೆದರು. 1979ರಲ್ಲಿ ಹೆಲೆನ್ ಎಪ್‌ಸ್ಟೈನರ ಪುಸ್ತಕ ಹೊರಬಂದಾಗ, ಒಬ್ಬೊಬ್ಬರೇ ಹೊತ್ತಿದ್ದ ಭಾರಕ್ಕೆ ಒಂದು ಹೆಸರು ದೊರೆಯಿತು. ಆದರೆ ವೈದ್ಯನೆದುರು ಬರುವವರು ನೊಂದವರೇ ಅಲ್ಲವೇ? ಅವರನ್ನು ನೋಡಿ ಇಡೀ ಪೀಳಿಗೆಯನ್ನು ಅಳೆಯುವುದು ಸರಿಯಲ್ಲ. 2003ರಲ್ಲಿ ಫಾನ್ ಐಸೆಂಡೋರ್ನ್ ಮತ್ತು ಸಂಗಡಿಗರು 4,418 ಜನರನ್ನೊಳಗೊಂಡ 32 ಮಾದರಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಚಿಕಿತ್ಸೆಗೆ ಬಾರದ ಸಾಮಾನ್ಯ ಮಕ್ಕಳಲ್ಲಿ ಅಂಥ ವಿಶೇಷ ಮನೋವಿಕಾರ ಕಾಣಲಿಲ್ಲ. 2015ರಲ್ಲಿ ನ್ಯೂಯಾರ್ಕಿನ ರೇಚೆಲ್ ಯೆಹೂದಾ ತಂಡವು ಒತ್ತಡಕ್ಕೆ ಸಂಬಂಧಿಸಿದ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತುಗಳಲ್ಲಿ ತಂದೆತಾಯಿ ಮತ್ತು ಮಕ್ಕಳಿಬ್ಬರಲ್ಲಿಯೂ ವ್ಯತ್ಯಾಸ ಕಂಡಿತೆಂದು ವರದಿ ಮಾಡಿತು. ಪತ್ರಿಕೆಗಳು ‘ರಕ್ತಗತ ದುಃಖ’ವೆಂದು ಸಾರಿದವು. ಪರೀಕ್ಷೆಗೊಳಗಾದವರು 32 ಹಿರಿಯರು, 22 ಮಕ್ಕಳು ಮಾತ್ರ. ಇಷ್ಟರಿಂದ ಅಷ್ಟು ದೊಡ್ಡ ತೀರ್ಮಾನ ಸಲ್ಲದು. ರಕ್ತಕ್ಕಿಂತ ಊಟದ ಮೇಜಿನ ಮೌನವೇ ಹೆಚ್ಚನ್ನು ದಾಟಿಸಿರಬೇಕು.

ಆ ಮೌನವನ್ನು ಮುರಿದವರಲ್ಲಿ ಶಾಲೆಯ ಉಪಾಧ್ಯಾಯರಿಗೂ ಪಾಲಿದೆ. ಇಸ್ರೇಲಿನ ಶಾಲೆಗಳಲ್ಲಿ ಹನ್ನೆರಡು-ಹದಿಮೂರು ವರ್ಷದ ಮಕ್ಕಳಿಗೆ ‘ಬೇರುಗಳು’ ಎಂಬ ಪಾಠಕಾರ್ಯವುಂಟು. ವಂಶವೃಕ್ಷವನ್ನು ಬರೆದು, ಅಜ್ಜ-ಅಜ್ಜಿಯರನ್ನು ಕೇಳಿ ಮನೆಯ ಚರಿತ್ರೆಯನ್ನು ಸಿದ್ಧಪಡಿಸಬೇಕು. ಸ್ವಂತ ಮಕ್ಕಳಿಗೆ ಹೇಳದುದನ್ನು ಎಷ್ಟೋ ಅಜ್ಜಿಯರು ಮೊಮ್ಮಕ್ಕಳ ನೋಟುಬುಕ್ಕಿಗಾಗಿ ಹೇಳಿದರು. ಪಕ್ಕದ ಕೋಣೆಯಲ್ಲಿದ್ದ ಮಗಳು ಐವತ್ತರ ವಯಸ್ಸಿನಲ್ಲಿ ಅದನ್ನು ಮೊದಲ ಬಾರಿ ಕೇಳಿದ್ದೂ ಉಂಟು.

1953ರಲ್ಲಿ ಸ್ಥಾಪಿತವಾದ ಜೆರೂಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆಯು ಮಡಿದವನೊಬ್ಬನಿಗೆ ಒಂದರಂತೆ ಸಾಕ್ಷ್ಯಪತ್ರಗಳನ್ನು ಸಂಗ್ರಹಿಸುತ್ತ ಬಂದಿದೆ. ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ಊರು, ಮಡಿದ ಸ್ಥಳ. ಪತ್ರವನ್ನು ತುಂಬಿದವರು ಮೃತರಿಗೆ ಏನಾಗಬೇಕೆಂಬುದಕ್ಕೂ ಒಂದು ಅಂಕಣವಿದೆ. ಮೊದಮೊದಲು ಅಲ್ಲಿ ತಮ್ಮ, ಹೆಂಡತಿ, ನೆರೆಯವನು ಎಂದು ಬರೆಯುತ್ತಿದ್ದರು. ಈಗ ಮೊಮ್ಮಗಳು, ಮರಿಮಗ ಎಂದು ಬರೆಯುವವರು ಬರುತ್ತಿದ್ದಾರೆ.