ರೂತಳೂ ಊರಬಾಗಲೂ

ಓದತಕ್ಕ ಭಾಗ: ರೂತಳ ಚರಿತ್ರೆ 2 ಮತ್ತು 4 ನೆಯ ಅಧ್ಯಾಯಗಳು, ಧರ್ಮೋಪದೇಶಕಾಂಡ 24:14-22

ಬೇತ್ಲೆಹೇಮಿನಲ್ಲಿ ಬರ ಬಿದ್ದಾಗ ಎಲೀಮೆಲೆಕನು ಹೆಂಡತಿ ಮಕ್ಕಳನ್ನು ಕರಕೊಂಡು ಮೋವಾಬಿಗೆ ಹೋದನೆಂದು ಓದುತ್ತೇವೆ. ಯಲ್ಲದಕೆರೆಯ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ತಪ್ಪಿ ಶೇಂಗಾ ಬಳ್ಳಿಯು ಹೊಲದಲ್ಲೇ ಒಣಗಿದ ವರುಷ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವದು ಎಂಥದೆಂದು ಇಲ್ಲಿಯ ಮನೆಗಳು ಬಲ್ಲವು. ನೊವೊಮಿಯು ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣುಮಾಡಿ ಹಿಂದಿರುಗಿದಾಗ ಆಕೆಯ ಸಂಗಡ ಬಂದ ಸೊಸೆಯು ಮೋವಾಬ್ಯಳು. ಮೋವಾಬ್ಯರು ಯೆಹೋವನ ಸಭೆಗೆ ಸೇರಕೂಡದೆಂಬ ವಿಧಿಯು ಅದೇ ಧರ್ಮೋಪದೇಶಕಾಂಡದ 23 ನೆಯ ಅಧ್ಯಾಯದಲ್ಲಿದೆ. ಹೀಗಿರಲು ರೂತಳು ಯಾವ ಧೈರ್ಯದಿಂದ ಕಂಡವರ ಹೊಲಕ್ಕೆ ಇಳಿದಳು?

ಆಕೆಗೆ ಅಲ್ಲಿ ಹಕ್ಕಿತ್ತು. ಮರೆತುಬಿಟ್ಟ ಸಿವುಡನ್ನು ತರುವದಕ್ಕೆ ಒಡೆಯನು ಹಿಂದಿರುಗಕೂಡದು, ಅದು ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರಿದ್ದೆಂದು ಧರ್ಮಶಾಸ್ತ್ರವು ವಿಧಿಸಿತ್ತು. ರೂತಳು ಪರದೇಶಿಯೂ ಹೌದು, ವಿಧವೆಯೂ ಹೌದು. ಆದದರಿಂದ ಹಕ್ಕಲಾಯುವದು ಭಿಕ್ಷವಲ್ಲ. ನಮ್ಮ ಸಭೆಗಳಲ್ಲಿಯೋ, ಹೊಸದಾಗಿ ಬಂದ ಕೂಲಿಯವನಿಗೆ ಒಂದು ಸೇರು ರಾಗಿಯನ್ನೂ ಹಳೇ ಸೀರೆಯನ್ನೂ ಕೊಟ್ಟರೆ ಕೆಲಸ ತೀರಿತೆಂದು ಎಣಿಸುತ್ತೇವೆ. ಬೋವಜನೂ ಜವೆಗೋದಿಯನ್ನು ಅಳೆದು ಕೊಟ್ಟನು. ಆದರೆ ಅಷ್ಟಕ್ಕೇ ನಿಲ್ಲದೆ ಊರಬಾಗಲಿಗೆ ಹೋದನು.

ಊರಬಾಗಲೆಂದರೆ ಆ ಕಾಲದ ತಾಲ್ಲೂಕು ಕಚೇರಿಯೂ ನ್ಯಾಯಾಲಯವೂ ಎಂದು ತಿಳಿಯಿರಿ. ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ತನಗಿಂತ ಹತ್ತಿರದ ಬಂಧುವಿಗೆ ಮೊದಲ ಹಕ್ಕಿದೆಯೆಂಬದನ್ನು ಮರೆಮಾಡದೆ, ಎಲ್ಲರ ಎದುರಿಗೆ ಅವನನ್ನು ಕೇಳಿ, ಅವನು ಕೆರವನ್ನು ಬಿಚ್ಚಿಕೊಟ್ಟ ಮೇಲೆ ಸಾಕ್ಷಿಗಳನ್ನು ಹಿಡಿದನು. ರೂತಳನ್ನು ಒಬ್ಬಳೇ ಹೋಗೆಂದು ಕಳುಹಿಸಲಿಲ್ಲ. ಹೊಸಬಳ ಮಾತಿಗೆ ಅಲ್ಲಿ ಬೆಲೆ ಎಷ್ಟೋ. ಬೋವಜನ ಮಾತಿಗೆ ಬೆಲೆಯಿತ್ತು.

ಹೀಗೆ ಬಾಗಲಲ್ಲಿ ಇತ್ಯರ್ಥವಾಗದೆ ಹೋದರೆ ಜನರ ಗತಿ ಏನಾಗುತ್ತದೆಂಬದಕ್ಕೆ ಸಿಂಹಳ ದ್ವೀಪದ ತೋಟದವರು ಸಾಕ್ಷಿಯಾಗಿದ್ದಾರೆ. ತಮಿಳುಸೀಮೆಯಿಂದ ಅಲ್ಲಿಯ ಚಹಾ ತೋಟಗಳಿಗೆ ಹೋಗಿ ತಲೆಮಾರುಗಳ ಕಾಲ ದುಡಿದವರಲ್ಲಿ ಹೆಚ್ಚಿನವರು 1948ರ ಪೌರತ್ವ ಕಾಯಿದೆಯಿಂದ ಯಾವ ದೇಶದವರೂ ಅಲ್ಲದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಿಕೆಯವರೂ ಮಾಡಿದ ಒಪ್ಪಂದದಲ್ಲಿ 5,25,000 ಜನರಿಗೆ ಭಾರತವೂ 3,00,000 ಜನರಿಗೆ ಸಿಂಹಳವೂ ಪೌರತ್ವ ಕೊಡತಕ್ಕದ್ದೆಂದು ಗೊತ್ತಾಯಿತು. ಉಳಿದ 1,50,000 ಜನರ ವಿಷಯವು 1974ರ ವರೆಗೆ ತೂಗಾಡಿತು. ಹೀಗೆ ಮರಳಿದವರಲ್ಲಿ ಕೆಲವರಿಗೆ ನಮ್ಮ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಇವರು ಒಪ್ಪಂದದ ಮೇರೆಗೆ ಭಾರತದ ಪೌರರಾಗಿ ಬಂದವರು. 1983ರ ಗಲಭೆಯ ತರುವಾಯ ಓಡಿಬಂದ ನಿರಾಶ್ರಿತರ ಸ್ಥಿತಿಯು ಬೇರೆ. ನುಡಿ ಒಂದೇ, ಬಡತನ ಒಂದೇ. ಆದರೂ ಕಾನೂನು ಇಬ್ಬರನ್ನು ಒಂದೇ ಬಗೆಯಾಗಿ ಕಾಣುವದಿಲ್ಲ. ಆದಕಾರಣ ಸಹಾಯಮಾಡುವವನು ಮೊದಲು ವಿಚಾರಿಸತಕ್ಕದ್ದು ಎದುರಿಗಿರುವವನ ಸ್ಥಿತಿ ಯಾವದೆಂಬದನ್ನೇ.

ನಮ್ಮ ಊರುಗಳಿಗೆ ಕೆಲಸಕ್ಕಾಗಿ ಬರುವವರೂ ಇಲ್ಲಿಂದ ಹೋಗುವವರೂ ಬಹುಮಟ್ಟಿಗೆ ಈ ದೇಶದ ಪೌರರೇ. ಅವರಿಗೆ ಸಲ್ಲತಕ್ಕ ಹಕ್ಕಲನ್ನು ಸಭೆಯ ಹಿರಿಯರು ತಿಳಿದಿರಬೇಕು. ಪಡಿತರ ಚೀಟಿಯು ಆಧಾರಿಗೆ ಜೋಡಿಸಿದ್ದರೆ ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳೊತ್ತಿ ಧಾನ್ಯ ಪಡೆಯಬಹುದು. 2022ರ ಹೊತ್ತಿಗೆ ಈ ಏರ್ಪಾಡು ಎಲ್ಲಾ ರಾಜ್ಯಗಳಿಗೂ ಹಬ್ಬಿತು. ಊರಲ್ಲಿ ಉಳಿದ ಮುದುಕರು ಒಂದು ಪಾಲನ್ನೂ ದೂರ ಹೋದವನು ಮಿಕ್ಕದ್ದನ್ನೂ ತೆಗೆದುಕೊಳ್ಳಬಹುದೆಂಬದು ಅನೇಕರಿಗೆ ತಿಳಿಯದು. ಬೇರೆ ರಾಜ್ಯದಲ್ಲಿ ಮಾತ್ರ ಕೇಂದ್ರದ ಪಾಲಷ್ಟೇ ಸಿಕ್ಕುತ್ತದೆ. ಆರರಿಂದ ಹದಿನಾಲ್ಕು ವರುಷದ ಮಗುವನ್ನು ವಯಸ್ಸಿನ ದಾಖಲೆಯಿಲ್ಲವೆಂದು ಶಾಲೆಯವರು ತಿರುಗಿ ಕಳುಹಿಸಕೂಡದೆಂದು 2009ರ ಶಿಕ್ಷಣದ ಕಾಯಿದೆ ಹೇಳುತ್ತದೆ. ಕಟ್ಟಡದ ಕೆಲಸದವನು ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದಿದ್ದರೆ, ಹದಿನೆಂಟರಿಂದ ಅರುವತ್ತು ವರುಷದೊಳಗಿದ್ದರೆ, ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರಸಬಹುದು. ಸಂಜೆಯೊಳಗೆ ಕೂಲಿ ಕೊಡಬೇಕೆಂಬ ಮೋಶೆಯ ಮಾತನ್ನು ಮೇಸ್ತ್ರಿಗೆ ನೆನಪಿಸುವದು ಒಳ್ಳೇದು. ಆ ತೊಂಬತ್ತು ದಿನವನ್ನು ಪುಸ್ತಕದಲ್ಲಿ ಬರೆದಿಡುವದು ಅದಕ್ಕಿಂತಲೂ ಉಪಯೋಗ. ಬರೆಯಬಲ್ಲ ಒಬ್ಬ ಹುಡುಗಿ ಸಭೆಯಲ್ಲಿದ್ದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಕನಿಕರದಿಂದಲೇ ಕೆಲವರು ಸುಳ್ಳು ವಿಳಾಸ, ಸುಳ್ಳು ಜನನಪತ್ರ ಮಾಡಿಸಿಕೊಡುತ್ತಾರೆ. ಇದು ಪರದೇಶಿಯ ಕೊರಳಿಗೆ ಕಲ್ಲು ಕಟ್ಟುವದು. ಆಧಾರ್ ಚೀಟಿಯು ಪೌರತ್ವಕ್ಕೆ ಸಾಕ್ಷಿಯಲ್ಲ. ಅದನ್ನು ನಂಬಿಕೊಂಡು ಇನ್ನೊಂದು ಕಾಗದವನ್ನು ಸೃಷ್ಟಿಸಿದವನು ಸೆರೆಮನೆಗೆ ಹೋಗುವ ಸಂಭವವುಂಟು. ಹೊರದೇಶದವನೆಂದು ತೋರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಳಿಗೆ ಸಂಗಡ ಹೋಗಿರಿ. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟರಿಗೂ ಕೂಲಿಗಾರರಿಗೂ 1987ರ ಕಾಯಿದೆಯ ಮೇರೆಗೆ ಅಲ್ಲಿ ಹಣವಿಲ್ಲದೆ ವಕೀಲರು ದೊರೆಯುತ್ತಾರೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: ಬೋವಜನು ಹತ್ತಿರದ ಬಂಧುವಿನ ಹಕ್ಕನ್ನು ಯಾಕೆ ಬಚ್ಚಿಡಲಿಲ್ಲ? ನಮ್ಮ ಊರಿನ ಹೊರಗೆ ಗುಡಿಸಲು ಹಾಕಿರುವವರ ಮಕ್ಕಳಲ್ಲಿ ಎಷ್ಟು ಮಂದಿ ಶಾಲೆಗೆ ಹೋಗುತ್ತಾರೆ? ಬರುವ ಸೋಮವಾರ ಅವರ ಸಂಗಡ ಹಿರಿಯೂರಿನ ಕಚೇರಿಗೆ ಹೋಗುವವರು ಯಾರು?